ಗದ್ದಲಕ್ಕೆ ಯಾರ ಹೆಸರು?

ಯಾವುದೇ ಭಾಷೆಯಲ್ಲಿ ಸುವ್ಯವಸ್ಥೆಯನ್ನು ಹೇಳುವ ಮಾತುಗಳು ಕೆಲವೇ ಇರುತ್ತವೆ. ಅವ್ಯವಸ್ಥೆಯನ್ನು ಹೇಳುವ ಮಾತುಗಳು ಹಲವು. ಮನೆ ಒಪ್ಪ ಓರಣವಾಗಿದ್ದಾಗ ನಾವು ಅದನ್ನು ಕುರಿತು ಮಾತನಾಡುವುದು ಕಡಿಮೆ. ಓರಣ ಕೆಟ್ಟಾಗಲೇ ನಾಲಗೆಗೆ ಕೆಲಸ ಹುಟ್ಟುತ್ತದೆ. ಗದ್ದಲ, ಗಲಿಬಿಲಿ, ಗೊಂದಲ, ರಂಪ, ರಾದ್ಧಾಂತ, ಅವಾಂತರ, ಅಸ್ತವ್ಯಸ್ತ, ಅಲ್ಲೋಲಕಲ್ಲೋಲ, ಚೆಲ್ಲಾಪಿಲ್ಲಿ, ಕಲಸುಮೇಲೋಗರ ಎಂದು ಕನ್ನಡದ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಇಂಗ್ಲಿಷಿನ ಸಂಪತ್ತೂ ಇದಕ್ಕೆ ಕಡಿಮೆಯಿಲ್ಲ. ಅಲ್ಲಿ ಕೇಯಾಸ್ ಎಂಬ ಮಾತು ಗ್ರೀಕರ ಸೃಷ್ಟಿಪೂರ್ವದ ಶೂನ್ಯದಿಂದ ಬಂದಿತು. ಅನಾರ್ಕಿ ಎಂಬುದು ಆಳುವವನಿಲ್ಲದ ಸ್ಥಿತಿಯಿಂದ ಬಂದಿತು. ಪ್ಯಾಂಡಮೋನಿಯಮ್ ಎಂಬುದನ್ನು 1667ರಲ್ಲಿ ಪ್ರಕಟವಾದ ತನ್ನ ಮಹಾಕಾವ್ಯದಲ್ಲಿ ಮಿಲ್ಟನ್ ಕವಿ ನರಕದ ರಾಜಧಾನಿಯ ಹೆಸರಾಗಿ ಸೃಷ್ಟಿಸಿದನು. ಇವೆಲ್ಲವೂ ವಿಶ್ವದಿಂದ, ರಾಜ್ಯದಿಂದ, ಪುರಾಣದಿಂದ ಹುಟ್ಟಿದ ಮಾತುಗಳು. ಇದೇ ಸಾಲಿಗೆ ಸೇರಿದ ಬೆಡ್ಲಮ್ ಎಂಬ ಮಾತು ಮಾತ್ರ ಒಂದು ಆಸ್ಪತ್ರೆಯಿಂದ ಹುಟ್ಟಿತು. ಆ ಒಂದು ಮಾತನ್ನು ಹಿಡಿದು ನಾವು ಇಲ್ಲಿ ಒಂದು ನೈತಿಕ ಪ್ರಶ್ನೆಯನ್ನು ವಿಚಾರಿಸಬಯಸುತ್ತೇವೆ.

ಮೊದಲು ಅದರ ಬಳಕೆಯನ್ನು ಗಮನಿಸೋಣ. ಮೇಜಿನ ಮೇಲೆ ಕಾಗದಗಳು ಹರಡಿಕೊಂಡಿದ್ದರೆ ಅದನ್ನು ಬೆಡ್ಲಮ್ ಎನ್ನುವುದಿಲ್ಲ. ಲೆಕ್ಕಪತ್ರ ತಪ್ಪಿದ್ದರೂ ಎನ್ನುವುದಿಲ್ಲ. ಆ ಮಾತಿಗೆ ಜನ ಬೇಕು, ಕೂಗು ಬೇಕು, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದಷ್ಟು ಸದ್ದು ಬೇಕು. ಶಾಸನಸಭೆಯಲ್ಲಿ ಸದಸ್ಯರು ಪೀಠದ ಮುಂದೆ ನುಗ್ಗಿ ಘೋಷಣೆ ಕೂಗಿದ ದಿನ, ರೈಲು ನಿಲ್ದಾಣದಲ್ಲಿ ನೂಕುನುಗ್ಗಲಾದ ದಿನ, ಇಂಗ್ಲಿಷ್ ಪತ್ರಿಕೆಗಳ ಓದುಗರಿಗೆ ಈ ಮಾತು ಕಣ್ಣಿಗೆ ಬೀಳುತ್ತದೆ. ಬರೆದವರಲ್ಲಿ ಯಾವ ದುರುದ್ದೇಶವೂ ಇರುವುದಿಲ್ಲ. ಓದಿದವರಿಗೂ ಏನೂ ಅನ್ನಿಸುವುದಿಲ್ಲ. ಮಾತು ಅಷ್ಟು ಸವೆದಿದೆ.

ಅದರ ಮೂಲ ಮಾತ್ರ ಸವೆಯದ ಕಥೆ. 1247ರಲ್ಲಿ ಲಂಡನ್ ನಗರದ ಬಿಷಪ್ಸ್‌ಗೇಟ್ ಎಂಬಲ್ಲಿ, ಸೈಮನ್ ಫಿಟ್ಜ್‌ಮೇರಿ ಎಂಬ ಗೃಹಸ್ಥನು ಕೊಟ್ಟ ಭೂಮಿಯಲ್ಲಿ, ಬೆತ್ಲೆಹೇಮಿನ ಸಂತ ಮೇರಿಯ ಹೆಸರಿನಲ್ಲಿ ಒಂದು ಮಠ ಸ್ಥಾಪನೆಯಾಯಿತು. ಬೆತ್ಲೆಹೇಮ್ ಯೇಸುವಿನ ಜನ್ಮಸ್ಥಳ. ಹೀಬ್ರೂ ಭಾಷೆಯಲ್ಲಿ ಆ ಹೆಸರಿಗೆ ರೊಟ್ಟಿಯ ಮನೆ ಎಂಬ ಅರ್ಥವಿದೆ. ಮಠವು ಕ್ರಮೇಣ ಬಡವರ, ರೋಗಿಗಳ ಆಶ್ರಯವಾಯಿತು. 1403ರ ವೇಳೆಗೆ ಅಲ್ಲಿ ಬುದ್ಧಿಭ್ರಮಣೆಯಾದ ಆರು ಮಂದಿ ಇದ್ದರೆಂದು ದಾಖಲೆಯಿದೆ. ಮುಂದೆ ಅದು ಅಂತಹವರಿಗೇ ಮೀಸಲಾದ ಆಸ್ಪತ್ರೆಯಾಯಿತು. ಲಂಡನ್ನಿನ ಸಾಮಾನ್ಯರ ಬಾಯಲ್ಲಿ ಬೆತ್ಲೆಹೇಮ್ ಎಂಬುದು ಬೆತ್ಲೆಮ್ ಆಗಿ, ಬೆಡ್ಲಮ್ ಆಯಿತು. ಮೊದಲು ಅದು ಆ ಆಸ್ಪತ್ರೆಯ ಅಡ್ಡಹೆಸರು. ಬಳಿಕ ಯಾವುದೇ ಹುಚ್ಚಾಸ್ಪತ್ರೆಗೆ ಸಲ್ಲುವ ಹೆಸರು. ಕೊನೆಗೆ ಹುಚ್ಚಿನೊಡನೆ ಸಂಬಂಧವೇ ಇಲ್ಲದ ಯಾವುದೇ ಗದ್ದಲದ ಹೆಸರು. ರೊಟ್ಟಿಯ ಮನೆಯಿಂದ ಹೊರಟ ಮಾತು ಹೀಗೆ ಗದ್ದಲದ ಮನೆಗೆ ಬಂದು ತಲುಪಿತು.

ಈ ಪಯಣದ ನಡುವೆ ನಡೆದುದನ್ನು ಮರೆಯುವಂತಿಲ್ಲ. 1676ರಲ್ಲಿ ಆಸ್ಪತ್ರೆ ಮೂರ್‌ಫೀಲ್ಡ್ಸ್ ಎಂಬಲ್ಲಿಗೆ, ವಿಜ್ಞಾನಿಯೂ ವಾಸ್ತುಶಿಲ್ಪಿಯೂ ಆಗಿದ್ದ ರಾಬರ್ಟ್ ಹುಕ್ ಯೋಜಿಸಿದ ಭವ್ಯ ಕಟ್ಟಡಕ್ಕೆ ಸ್ಥಳಾಂತರವಾಯಿತು. ಹೊರನೋಟಕ್ಕೆ ಅದು ಅರಮನೆಯಂತಿತ್ತು. ಹೆಬ್ಬಾಗಿಲ ಮೇಲೆ ವಿಷಾದವನ್ನೂ ಉನ್ಮಾದವನ್ನೂ ಪ್ರತಿನಿಧಿಸುವ ಎರಡು ಕಲ್ಲಿನ ಪ್ರತಿಮೆಗಳಿದ್ದವು. ಉನ್ಮಾದದ ಪ್ರತಿಮೆಗೆ ಸಂಕೋಲೆಯಿತ್ತು. ಊರಿನ ಜನ ಕಾಸು ಕೊಟ್ಟು ಒಳಗೆ ಹೋಗಿ ರೋಗಿಗಳನ್ನು ನೋಡಿ ಬರುತ್ತಿದ್ದರು. ದಾನಿಗಳ ಮನ ಕರಗಿ ಧರ್ಮದ ಪೆಟ್ಟಿಗೆ ತುಂಬಲಿ ಎಂಬ ಉದ್ದೇಶವೂ ಅದರಲ್ಲಿ ಇದ್ದೀತು. ಆದರೆ ನಡೆದದ್ದು ಬಹುಮಟ್ಟಿಗೆ ಜಾತ್ರೆಯ ನೋಟ. ಚಿತ್ರಕಾರ ಹೋಗಾರ್ತ್ 1735ರಲ್ಲಿ ಪ್ರಕಟಿಸಿದ ಒಂದು ಚಿತ್ರಮಾಲೆಯ ಕೊನೆಯ ಚಿತ್ರದಲ್ಲಿ, ತಂದೆಯ ಆಸ್ತಿಯನ್ನೆಲ್ಲ ಹಾಳುಮಾಡಿದ ಯುವಕ ಈ ಆಸ್ಪತ್ರೆಯ ನೆಲದ ಮೇಲೆ ಬಿದ್ದಿದ್ದಾನೆ. ಹಿಂದೆ ಸೊಗಸಾದ ಉಡುಪಿನ ಇಬ್ಬರು ಹೆಂಗಸರು ನೋಟ ನೋಡುತ್ತ ನಿಂತಿದ್ದಾರೆ. 1770ರಲ್ಲಷ್ಟೇ ಈ ಮುಕ್ತ ಪ್ರವೇಶಕ್ಕೆ ತಡೆ ಬಿದ್ದಿತು. ಒಳಗಿದ್ದವರ ಅಳು, ಕೂಗು, ಪ್ರಲಾಪಗಳೆಲ್ಲ ನೋಡಬಂದವರ ಕಿವಿಗೆ ಒಂದೇ ಗದ್ದಲವಾಗಿ ಕೇಳಿಸಿದವು. ಆ ಕಿವಿಗಳೇ ಈ ಮಾತಿಗೆ ಇಂದಿನ ಅರ್ಥವನ್ನು ಕೊಟ್ಟವು. ಮಾತು ಹುಟ್ಟಿದ್ದು ನರಳಿದವರ ಬಾಯಲ್ಲಿ ಅಲ್ಲ, ನೋಡಿದವರ ಬಾಯಲ್ಲಿ.

1814ರಲ್ಲಿ ಎಡ್ವರ್ಡ್ ವೇಕ್‌ಫೀಲ್ಡ್ ಎಂಬ ಸುಧಾರಕನು ಸಂಗಡಿಗರೊಡನೆ ಆ ಆಸ್ಪತ್ರೆಯನ್ನು ನೋಡಹೋದನು. ಅವನು ಹೋದದ್ದು ನೋಟಕ್ಕಾಗಿ ಅಲ್ಲ, ವಿಚಾರಣೆಗಾಗಿ. ಅಲ್ಲಿ ನಾರಿಸ್ ಎಂಬ ರೋಗಿಯ ಕೊರಳಿಗೆ ಕಬ್ಬಿಣದ ಪಟ್ಟಿ ಹಾಕಿ, ಗೋಡೆಯ ಬದಿಯ ಕಬ್ಬಿಣದ ಕಂಬಕ್ಕೆ ಗಿಡ್ಡ ಸರಪಣಿಯಿಂದ ಬಿಗಿದಿದ್ದರು. ತೋಳುಗಳನ್ನೂ ಮೈಗೆ ಸೇರಿಸಿ ಕಟ್ಟಿದ್ದರು. ಅವನು ಆ ಸ್ಥಿತಿಯಲ್ಲಿ ವರ್ಷಾನುವರ್ಷ ಕಳೆದಿದ್ದನು. ಮರುವರ್ಷ ಬ್ರಿಟಿಷ್ ಸಂಸತ್ತಿನ ಸಮಿತಿಯ ಮುಂದೆ ಬಂದ ಸಾಕ್ಷ್ಯಗಳಲ್ಲಿ ನಮ್ಮನ್ನು ತಡೆದು ನಿಲ್ಲಿಸುವ ಸಂಗತಿ ಇನ್ನೊಂದಿದೆ: ಆ ಮನುಷ್ಯ ಪುಸ್ತಕಗಳನ್ನೂ ವೃತ್ತಪತ್ರಿಕೆಗಳನ್ನೂ ಓದುತ್ತಿದ್ದನು, ಅಂದಂದಿನ ವಿಷಯಗಳ ಬಗ್ಗೆ ಸಮಂಜಸವಾಗಿ ಮಾತನಾಡುತ್ತಿದ್ದನು. ಅಂದರೆ ಲೋಕವೆಲ್ಲ ಗದ್ದಲದ ಮನೆ ಎಂದು ಕರೆದಿದ್ದ ಕಟ್ಟಡದೊಳಗೆ ಕಬ್ಬಿಣ ತೊಟ್ಟ ಒಬ್ಬ ಮನುಷ್ಯ ಕ್ರಮವಾಗಿ ಮಾತನಾಡುತ್ತಿದ್ದನು. ಕೇಳುವವರು ಮಾತ್ರ ಇರಲಿಲ್ಲ.

ಈಗ ನಮ್ಮ ಪ್ರಶ್ನೆಗೆ ಬರೋಣ. ಮಾತಿನ ಮೂಲವನ್ನು ಎಲ್ಲರೂ ಮರೆತ ಮೇಲೆ ಅದರ ದೋಷವೂ ಅಳಿದುಹೋಗುತ್ತದೆಯೇ?

ಅಳಿದುಹೋಗುತ್ತದೆ ಎನ್ನುವವರ ವಾದ ದುರ್ಬಲವಾದುದಲ್ಲ. ಮಾತಿನ ಅರ್ಥ ಅದರ ಹುಟ್ಟಿನಲ್ಲಿಲ್ಲ, ಬಳಕೆಯಲ್ಲಿದೆ ಎಂದು ಅವರು ಹೇಳುತ್ತಾರೆ. ಕನ್ನಡವೇ ಇದಕ್ಕೆ ಸಾಕ್ಷಿ. ಸಂಸ್ಕೃತದಲ್ಲಿ ರಾದ್ಧಾಂತವೆಂದರೆ ಸಿದ್ಧಾಂತ, ಸಾಧಿಸಿ ನಿಲ್ಲಿಸಿದ ನಿರ್ಣಯ. ನಮ್ಮ ಮನೆಗಳಲ್ಲಿ ರಾದ್ಧಾಂತವೆಂದರೆ ಸಣ್ಣ ಮಾತಿಗೆ ಎದ್ದ ದೊಡ್ಡ ಜಗಳ. ಅವಾಂತರವೆಂದರೆ ಅಲ್ಲಿ ನಡುವಣದು, ಒಳಗಣದು; ಇಲ್ಲಿ ಅನಾಹುತ. ಮಗುವಿಗೆ ರಾದ್ಧಾಂತ ಮಾಡಬೇಡವೆಂದು ಗದರಿಸುವ ತಾಯಿ ಶಾಸ್ತ್ರಕಾರರನ್ನು ಅವಮಾನಿಸಿದಳೆಂದು ಹೇಳಲಾಗದು. ಹಾಗೆಯೇ ಬೆಡ್ಲಮ್ ಎನ್ನುವ ಇಂದಿನ ಇಂಗ್ಲಿಷ್ ವರದಿಗಾರನಿಗೆ ಮೂರ್‌ಫೀಲ್ಡ್ಸಿನ ಪಾಪವನ್ನು ಹೊರಿಸಲಾಗದು. ಮರೆವು ಭಾಷೆಯನ್ನು ತೊಳೆಯುವ ಮಳೆ ಎಂಬುದು ಈ ಪಕ್ಷ.

ಇದನ್ನು ನಾವು ಅರ್ಧ ಒಪ್ಪುತ್ತೇವೆ. ಪೂರ್ತಿ ಒಪ್ಪಲು ನಮ್ಮದೇ ಭಾಷೆ ಅಡ್ಡ ಬರುತ್ತದೆ. ಏಕೆಂದರೆ ಬೆಡ್ಲಮ್ ಎಂಬುದಕ್ಕೆ ಸರಿಗಟ್ಟಿ ಕನ್ನಡದಲ್ಲಿ ನಾವು ಆಡುವ ಮಾತು ಹುಚ್ಚರ ಸಂತೆ. ಸಭೆ ಕೆಟ್ಟರೆ ಹುಚ್ಚರ ಸಂತೆ, ತರಗತಿಯಲ್ಲಿ ಮಕ್ಕಳು ಗಲಾಟೆ ಮಾಡಿದರೆ ಇದೇನು ಹುಚ್ಚಾಸ್ಪತ್ರೆಯೇ ಎಂಬ ಗದರಿಕೆ. ಇಂಗ್ಲಿಷಿನ ಮಾತು ಮುಚ್ಚಿದ ಪೆಟ್ಟಿಗೆ. ಒಳಗೇನಿದೆ ಎಂದು ನಿಘಂಟು ತೆರೆದವನಿಗಷ್ಟೇ ಗೊತ್ತು. ಕನ್ನಡದ ಮಾತು ತೆರೆದ ಬುಟ್ಟಿ. ಅದರಲ್ಲಿರುವ ಹುಚ್ಚ ಎಂಬ ಪದ ಐದು ವರ್ಷದ ಮಗುವಿಗೂ ಕಾಣಿಸುತ್ತದೆ. ಇಲ್ಲಿ ಮೂಲವನ್ನು ಮರೆಯುವ ಪ್ರಶ್ನೆಯೇ ಏಳುವುದಿಲ್ಲ. ಸಂಘದ ಒಂದು ಸಭೆಯಲ್ಲಿ ನೂರು ಮನೆಗಳವರು ಕುಳಿತಿದ್ದಾರೆ ಎಂದುಕೊಳ್ಳೋಣ. ಅವರಲ್ಲಿ ಕೆಲವರ ಮನೆಯಲ್ಲಾದರೂ ಮನಸ್ಸಿನ ಕಾಯಿಲೆಯಿಂದ ಬಳಲುತ್ತಿರುವ ಮಗನೋ ತಂಗಿಯೋ ಅತ್ತೆಯೋ ಇದ್ದೇ ಇರುತ್ತಾರೆ. ವೇದಿಕೆಯ ಮೇಲಿಂದ ಹುಚ್ಚರ ಸಂತೆ ಎಂಬ ಮಾತು ಬಿದ್ದು ಸಭೆ ನಕ್ಕಾಗ ಆ ಕೆಲವರು ಏನು ಮಾಡುತ್ತಾರೆ? ಅವರೂ ನಗುತ್ತಾರೆ, ನಗದಿದ್ದರೆ ಗುಟ್ಟು ಹೊರಬೀಳುತ್ತದೆ. ನಕ್ಕು ಮನೆಗೆ ಹೋಗಿ ಬಾಗಿಲನ್ನು ಇನ್ನಷ್ಟು ಭದ್ರವಾಗಿ ಮುಚ್ಚುತ್ತಾರೆ. ವೈದ್ಯರ ಬಳಿಗೆ ಹೋಗುವ ದಿನ ಮುಂದೆ ಹೋಗುತ್ತದೆ. ಮಾತು ಮಾಡುವ ಹಾನಿ ಅವಮಾನದಲ್ಲಿ ಮುಗಿಯುವುದಿಲ್ಲ. ಅದು ಔಷಧಿಗೂ ರೋಗಿಗೂ ನಡುವೆ ಗೋಡೆಯಾಗುತ್ತದೆ.

ಇದು ಮೊದಲ ಆಕ್ಷೇಪ. ಎರಡನೆಯದು ಇದಕ್ಕಿಂತ ಆಳವಾದುದು, ಮತ್ತು ಈ ಲೇಖನದಲ್ಲಿ ನಾವು ಮುಖ್ಯವಾಗಿ ಹೇಳಬೇಕಾದುದು ಅದೇ. ಅವ್ಯವಸ್ಥೆಯನ್ನು ಹೇಳುವ ಮಾತುಗಳಲ್ಲಿ ಎರಡು ಬಗೆಗಳಿವೆ. ಒಂದು ಬಗೆಯವು ಸ್ಥಿತಿಯನ್ನು ಹೆಸರಿಸುತ್ತವೆ. ಇನ್ನೊಂದು ಬಗೆಯವು ಜನರನ್ನು ಹೆಸರಿಸುತ್ತವೆ. ಗಲಿಬಿಲಿ ಎಂದಾಗ ಏಕೆ ಗಲಿಬಿಲಿಯಾಯಿತು ಎಂಬ ಪ್ರಶ್ನೆ ತಾನಾಗಿ ಹಿಂದೆ ಬರುತ್ತದೆ. ಹುಚ್ಚರ ಸಂತೆ ಎಂದಾಗ ಪ್ರಶ್ನೆ ಬರುವುದಿಲ್ಲ. ಹುಚ್ಚರು ಸೇರಿದರೆ ಇನ್ನೇನಾದೀತು ಎಂಬ ಉತ್ತರ ಮಾತಿನಲ್ಲೇ ಅಡಗಿದೆ. ಸ್ಥಿತಿಯ ಹೆಸರು ಕಾರಣವನ್ನು ಹುಡುಕಿಸುತ್ತದೆ. ಜನರ ಹೆಸರು ಕಾರಣವನ್ನು ಮುಚ್ಚಿಡುತ್ತದೆ. ಶಾಸನಸಭೆಯ ಗದ್ದಲವನ್ನೇ ತೆಗೆದುಕೊಳ್ಳಿ. ಅಲ್ಲಿ ಕೂಗಿದವರು ಬುದ್ಧಿ ಸ್ವಾಧೀನದಲ್ಲಿದ್ದವರೇ. ಯಾವುದೋ ಮಸೂದೆಗೆ ಚರ್ಚೆಯ ಅವಕಾಶ ಸಿಗಲಿಲ್ಲವೆಂದೋ, ಚರ್ಚೆ ನಡೆಯಬಾರದೆಂದೋ, ಸ್ಪಷ್ಟವಾದ ಲೆಕ್ಕಾಚಾರದಿಂದಲೇ ಕೂಗಿದರು. ಅದನ್ನು ಹುಚ್ಚಾಸ್ಪತ್ರೆ ಎಂದೊಡನೆ ಆ ಲೆಕ್ಕಾಚಾರ ಮರೆಯಾಗುತ್ತದೆ. ಹೊಣೆ ಹೊರಬೇಕಾದವರು ಹೊಣೆಯಿಂದ ಪಾರಾಗುತ್ತಾರೆ. ಏನೂ ಮಾಡದ ರೋಗಿ ಅಪಕೀರ್ತಿಯನ್ನು ಹೊರುತ್ತಾನೆ.

ಹುಚ್ಚಿಯ ಮದುವೆಯಲ್ಲಿ ಉಂಡವನೇ ಜಾಣ ಎಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ಇದಕ್ಕಿಂತ ಒರಟಾದ ರೂಪದಲ್ಲಿಯೂ ಕೇಳಿದ್ದೇವೆ. ಹೇಳುವವರು ಕೇಳುವವರಿಲ್ಲದ ಕಡೆ ಕೈಗೆ ಸಿಕ್ಕಿದ್ದನ್ನು ಬಾಚಿಕೊಂಡವನೇ ಬುದ್ಧಿವಂತ ಎಂಬುದು ಅದರ ತಾತ್ಪರ್ಯ. ಈ ಗಾದೆಯ ನ್ಯಾಯವನ್ನು ಸ್ವಲ್ಪ ನಿಧಾನವಾಗಿ ನೋಡಿದರೆ ಚಿತ್ರ ತಿಳಿಯಾಗುತ್ತದೆ. ಅಲ್ಲಿ ಬಾಚಿಕೊಂಡವನು ಜಾಣ. ಕೆಟ್ಟ ಹೆಸರು ಮಾತ್ರ ಏನನ್ನೂ ಬಾಚಿಕೊಳ್ಳದವಳಿಗೆ. ಗಾದೆಗಳೆಲ್ಲ ಹಿರಿಯರ ವಿವೇಕವೆಂದು ಗೌರವಿಸುವ ನಾವು, ಕೆಲವು ಗಾದೆಗಳಲ್ಲಿ ಜಾಣರ ಜಾಣತನಕ್ಕೆ ಸಿಕ್ಕ ಸಮರ್ಥನೆಯೂ ಸೇರಿದೆ ಎಂಬುದನ್ನು ಗುರುತಿಸಬೇಕು.

ಬೆಡ್ಲಮ್ ಆಸ್ಪತ್ರೆಯ ಕಟ್ಟಡದ ಮುಂದಿನ ಇತಿಹಾಸವೂ ಇದೇ ಪಾಠವನ್ನು ಹೇಳುತ್ತದೆ. 1815ರಲ್ಲಿ ಆಸ್ಪತ್ರೆ ಥೇಮ್ಸ್ ನದಿಯ ದಕ್ಷಿಣಕ್ಕೆ ಹೊಸ ಕಟ್ಟಡಕ್ಕೆ ಹೋಯಿತು. 1930ರಲ್ಲಿ ಅಲ್ಲಿಂದಲೂ ಹೊರಟು ಲಂಡನ್ನಿನ ಹೊರವಲಯದ ವಿಶಾಲವಾದ ಆವರಣದಲ್ಲಿ ನೆಲೆಸಿತು. ಇಂದಿಗೂ ಅಲ್ಲಿ ಮನೋರೋಗಿಗಳಿಗೆ ಚಿಕಿತ್ಸೆ ನಡೆಯುತ್ತಿದೆ. ಬಿಟ್ಟುಬಂದ ಹಳೆಯ ಕಟ್ಟಡದ ನಡುಭಾಗಕ್ಕೆ 1936ರಲ್ಲಿ ಯುದ್ಧ ವಸ್ತುಸಂಗ್ರಹಾಲಯ ಬಂದಿತು. ಇಂದು ಅಲ್ಲಿಗೆ ಹೋದವರು ಫಿರಂಗಿಗಳನ್ನೂ ಬಾಂಬುಗಳನ್ನೂ ನೋಡುತ್ತಾರೆ. ಅವುಗಳನ್ನು ರೂಪಿಸಿದವರು, ಪ್ರಯೋಗಿಸಲು ಆಜ್ಞೆ ಕೊಟ್ಟವರು, ಲೆಕ್ಕವಿಟ್ಟವರು ಯಾರೂ ಆ ಮನೆಯ ಹಳೆಯ ನಿವಾಸಿಗಳಲ್ಲ. ಎಲ್ಲರೂ ನೆಟ್ಟಗೆ ಯೋಚಿಸಬಲ್ಲವರು, ವೇಳೆಗೆ ಸರಿಯಾಗಿ ಕಚೇರಿಗೆ ಹೋದವರು. ಭೂಮಿಯ ಮೇಲಿನ ಅತಿ ದೊಡ್ಡ ಅವ್ಯವಸ್ಥೆಗಳನ್ನು ಬಹುಪಾಲು ಸುವ್ಯವಸ್ಥಿತರೇ ಮಾಡಿದ್ದಾರೆ. ಆದರೂ ಅವ್ಯವಸ್ಥೆಗೆ ನಾವು ಇಟ್ಟ ಹೆಸರು ಅವರದಲ್ಲ.

ದೊಡ್ಡ ಸಾಹಿತ್ಯ ಇದನ್ನು ಬಹಳ ಹಿಂದೆಯೇ ಕಂಡಿತ್ತು. ಶೇಕ್ಸ್‌ಪಿಯರನ ಕಿಂಗ್ ಲಿಯರ್ ನಾಟಕದಲ್ಲಿ ರಾಜ್ಯ ಹಾಳಾದದ್ದು ಯಾವ ಹುಚ್ಚನಿಂದಲೂ ಅಲ್ಲ. ಹೊಗಳಿಕೆಗೆ ಒಲಿದು ರಾಜ್ಯವನ್ನು ಹಂಚಿಕೊಟ್ಟ ರಾಜನಿಂದ, ಅದನ್ನು ಪಡೆದ ಹೆಣ್ಣುಮಕ್ಕಳಿಂದ. ಆ ಬಿರುಗಾಳಿಯ ನಡುವೆ ಎಡ್ಗರ್ ಎಂಬ ನಿರಪರಾಧಿ ಪ್ರಾಣ ಉಳಿಸಿಕೊಳ್ಳಲು ಬೆಡ್ಲಮ್ಮಿನಿಂದ ಬಂದ ಭಿಕ್ಷುಕನ ವೇಷ ಹಾಕುತ್ತಾನೆ. ಮಾನವಂತರೆನಿಸಿಕೊಂಡವರು ಅವನ ತಂದೆಯ ಕಣ್ಣು ಕಿತ್ತು ಹೊರಗೆ ತಳ್ಳಿದಾಗ, ಕೈಹಿಡಿದು ದಾರಿ ತೋರಿಸುವವನು ಆ ಬೆಡ್ಲಮ್ಮಿನವನೇ. ಲೋಕ ಯಾರನ್ನು ಗದ್ದಲವೆಂದು ಕರೆಯಿತೋ ಅವನಲ್ಲಿಯೇ ಕರ್ತವ್ಯದ ಕ್ರಮ ಉಳಿದಿತ್ತು.

ನಮ್ಮ ಶೂನ್ಯಸಂಪಾದನೆಯಲ್ಲಿ ಬರುವ ಮರುಳಶಂಕರದೇವರ ಪ್ರಸಂಗ ಇದರ ಪಕ್ಕದಲ್ಲಿ ನಿಲ್ಲತಕ್ಕದ್ದು. ಕಲ್ಯಾಣದಲ್ಲಿ, ಬಸವಣ್ಣನವರ ಮಹಾಮನೆಯ ಪರಿಸರದಲ್ಲಿಯೇ, ಪ್ರಸಾದಕುಂಡದ ಬಳಿ ಅವರು ಹನ್ನೆರಡು ವರ್ಷ ಇದ್ದರು. ಶರಣರ ಸಮೂಹವೇ ಓಡಾಡುವ ಎಡೆಯಲ್ಲಿ ಅವರನ್ನು ಯಾರೂ ಗುರುತಿಸಲಿಲ್ಲ; ಲೋಕದ ಕಣ್ಣಿಗೆ ಅವರು ಬರಿಯ ಮರುಳ. ಅಲ್ಲಮಪ್ರಭುಗಳು ಬಂದು ನೋಡಿದ ಮೇಲೆಯೇ ಅವರು ಯಾರೆಂಬುದು ತಿಳಿಯಿತು. ಹತ್ತಿರದಲ್ಲಿದ್ದೂ ಕಾಣದಿರುವುದು ಕೆಟ್ಟವರಿಗೆ ಮಾತ್ರ ಒದಗುವ ದೋಷವಲ್ಲ, ಒಳ್ಳೆಯವರ ನಡುವೆಯೂ ಅದು ಸಂಭವಿಸುತ್ತದೆ ಎಂಬ ಎಚ್ಚರ ಈ ಪ್ರಸಂಗದಲ್ಲಿದೆ. ಹೆಸರಿಟ್ಟ ಮೇಲೆ ನಾವು ನೋಡುವುದನ್ನು ನಿಲ್ಲಿಸುತ್ತೇವೆ.

ಆದರೆ ಇಲ್ಲಿ ಇನ್ನೊಂದು ಅತಿಗೆ ಹೋಗಬಾರದು. ಮನೋರೋಗಿಗಳೆಲ್ಲ ಗುಪ್ತ ಶರಣರೆಂದು ಕೈಮುಗಿಯುವುದೂ ಅವರನ್ನು ದೂರ ಇಡುವ ಇನ್ನೊಂದು ಬಗೆ. ಕಾಯಿಲೆ ಕಾಯಿಲೆಯೇ, ಅದರಲ್ಲಿ ನಿದ್ರೆಗೆಟ್ಟ ರಾತ್ರಿಗಳಿವೆ, ಭಯವಿದೆ, ನೋಡಿಕೊಳ್ಳುವವರ ಸವೆತವಿದೆ. ಪೂಜಿಸುವುದರಿಂದಲೂ ಹರಕೆಯಿಂದಲೂ ಅದು ತೀರುವುದಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ನಡೆದುದನ್ನು ನೆನೆಯಬೇಕು. ಅಲ್ಲಿಯ ದರ್ಗಾದ ಮಹಿಮೆಯಿಂದ ಗುಣವಾದೀತೆಂಬ ನಂಬಿಕೆಯಿಂದ ಬಂಧುಗಳು ಕರೆತಂದು ಬಿಟ್ಟಿದ್ದ ರೋಗಿಗಳನ್ನು ಖಾಸಗಿ ಆಶ್ರಯವೊಂದರಲ್ಲಿ ಸರಪಣಿಯಿಂದ ಕಟ್ಟಿಹಾಕಲಾಗಿತ್ತು. ಬೆಂಕಿ ಬಿದ್ದಾಗ ಓಡಲಾರದೆ 28 ಮಂದಿ ಸತ್ತರು. ನಾರಿಸನ ಕೊರಳಪಟ್ಟಿಗೂ ಈ ಸರಪಣಿಗೂ ನಡುವೆ ಸುಮಾರು ಇನ್ನೂರು ವರ್ಷಗಳ ಅಂತರ. ಕಬ್ಬಿಣ ಮಾತ್ರ ಅದೇ.

ಮಾತನ್ನು ಬದಲಿಸಿದರೆ ಇದೆಲ್ಲ ಸರಿಹೋದೀತೇ ಎಂದು ಕೇಳಬಹುದು. ನಮ್ಮ ದೇಶದ ಕಾನೂನಿನ ಹೆಸರು 1912ರಲ್ಲಿ ಲ್ಯೂನಸಿ ಆಕ್ಟ್ ಎಂದಿತ್ತು. ಅಂದರೆ ಹುಚ್ಚಿನ ಕಾಯಿದೆ. 1987ರಲ್ಲಿ ಅದು ಮಾನಸಿಕ ಆರೋಗ್ಯ ಕಾಯಿದೆಯಾಯಿತು. ಬೆಂಗಳೂರಿನಲ್ಲಿ ಅಸೈಲಂ ಎನಿಸಿದ್ದ ಸಂಸ್ಥೆ 1925ರಲ್ಲಿ ಮಾನಸಿಕ ಆಸ್ಪತ್ರೆಯಾಯಿತು. 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೊಡನೆ 1974ರಲ್ಲಿ ಕೂಡಿ ನಿಮ್ಹಾನ್ಸ್ ಆಯಿತು. ಈ ಹೆಸರುಗಳೆಲ್ಲ ಬದಲಾದ ಬಳಿಕವೂ ಏರ್ವಾಡಿ ಸಂಭವಿಸಿತು. ಆದುದರಿಂದ ಹೆಸರಿನ ಬದಲಾವಣೆಯೊಂದೇ ಸಾಲದೆಂಬುದು ನಿಜ. ಆದರೆ ಅದು ವ್ಯರ್ಥವೆಂಬುದು ನಿಜವಲ್ಲ. ಹುಚ್ಚಿನ ಕಾಯಿದೆ ರೋಗಿಯಿಂದ ಸಮಾಜವನ್ನು ಕಾಯುವುದು ಹೇಗೆಂದು ಚಿಂತಿಸಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ರೋಗಿಯ ಹಕ್ಕುಗಳಿಂದ ಮಾತು ಆರಂಭಿಸಿ, ಅವನನ್ನು ಯಾವ ರೀತಿಯಲ್ಲೂ ಸರಪಣಿಯಿಂದ ಕಟ್ಟಕೂಡದೆಂದು ನಿಷೇಧಿಸಿತು. ಯಾರನ್ನು ಮನುಷ್ಯನೆಂದು ಹೆಸರಿಸಿದೆವೋ ಅವನಿಗೆ ಹಕ್ಕು ಕೊಡದಿರುವುದು ಕಷ್ಟ. ಮಾತು ಮೊದಲು ನಡೆಯುತ್ತದೆ, ಕಾನೂನು ಹಿಂದೆ ಬರುತ್ತದೆ, ಆಚರಣೆ ಕುಂಟುತ್ತ ಬಂದು ಸೇರುತ್ತದೆ.

ಗಡಿನಾಡಿನಲ್ಲಿ ಬದುಕುವ ನಮಗೆ ಈ ವಿಷಯ ಪರಕೀಯವಾಗಿ ತೋರಬಾರದು. ಹೊರಗೆ ನಿಂತು ಕೇಳುವ ಕಿವಿ ಒಳಗಿನ ಕ್ರಮವನ್ನು ಹೇಗೆ ಗದ್ದಲವಾಗಿಸುತ್ತದೆ ಎಂಬುದು ನಮ್ಮ ನಿತ್ಯದ ಅನುಭವ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಕನ್ನಡವನ್ನು ಕೇಳಿ ಕಲಸುಮೇಲೋಗರವೆಂದು ನಗುವವರಿದ್ದಾರೆ. ಕಾಸರಗೋಡಿನ, ಹೊಸೂರಿನ, ಆದವಾನಿಯ ಕನ್ನಡಗಳಿಗೂ ಇಂತಹ ಮಾತು ತಪ್ಪಿದ್ದಲ್ಲ. ಆದರೆ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಶಾಲೆಯಲ್ಲಿ ಇನ್ನೊಂದು ಎಂದು ಬದುಕುವವರ ನುಡಿಯಲ್ಲಿ ಯಾವ ಮಾತು ಎಲ್ಲಿ ಬರಬೇಕೆಂಬ ನಿಯಮ ಕಟ್ಟುನಿಟ್ಟಾಗಿಯೇ ಇದೆ. ಆಡುವವರಿಗೆ ಅದು ಗೊತ್ತು.

ಗೊಂದಲ ಎಂಬ ಪದವನ್ನೇ ನೋಡಿ. ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಅದಕ್ಕೆ ಎರಡು ಅರ್ಥಗಳಿವೆ. ಒಂದು ಕಲಬೆರಕೆಯಾದ ಗಲಿಬಿಲಿ. ಇನ್ನೊಂದು ತುಳಜಾಪುರದ ಅಂಬಾಭವಾನಿಯ ಹೆಸರಿನಲ್ಲಿ ಗೊಂದಲಿಗರು ನಡೆಸುವ ಆರಾಧನೆ. ಸಂಬಾಳದ ಬಡಿತ, ತುಂತುಣಿಯ ನಾದ, ಉರಿಯುವ ದೀವಟಿಗೆ, ರಾತ್ರಿಯಿಡೀ ಹಾಡು. ದೂರದ ಮನೆಯಲ್ಲಿ ನಿದ್ರೆಗೆಟ್ಟವನಿಗೆ ಅದು ಬರಿಯ ಸದ್ದು. ಎದುರು ಕುಳಿತವನಿಗೆ ಚೌಕ ತುಂಬುವುದು, ಘಟ ಇಡುವುದು, ಊರೂರಿನ ದೇವತೆಗಳನ್ನು ಹೆಸರು ಹಿಡಿದು ಕರೆಯುವುದು, ಕಥೆ ಹೇಳುವುದು, ಆರತಿ ಎತ್ತುವುದು ಎಲ್ಲವೂ ಅನುಕ್ರಮ. ಪದ ಒಂದೇ, ಕೇಳಿದ ದೂರ ಬೇರೆ.

ಮಾತುಗಳನ್ನು ನಿಷೇಧಿಸಬೇಕೆಂದು ನಾವು ಹೇಳುತ್ತಿಲ್ಲ. ನಿಷೇಧದಿಂದ ಭಾಷೆ ಬಡವಾಗುತ್ತದೆಯೇ ಹೊರತು ಮನಸ್ಸು ಶುದ್ಧವಾಗುವುದಿಲ್ಲ. ನಾವು ಕೇಳುವುದು ನಿಖರತೆಯನ್ನು. ಸಭೆಯಲ್ಲಿ ಸದ್ದಾಗಿದ್ದರೆ ಗದ್ದಲವೆನ್ನೋಣ. ಅಭಿಪ್ರಾಯಗಳು ಹೊಂದದಿದ್ದರೆ ಭಿನ್ನಮತವೆನ್ನೋಣ. ಸಿದ್ಧತೆ ಸಾಲದಿದ್ದರೆ ಅಸ್ತವ್ಯಸ್ತವೆನ್ನೋಣ. ಯಾರೋ ಬೇಕೆಂದೇ ಕೆಡಿಸಿದ್ದರೆ ಕೆಡಿಸಿದವರು ಯಾರೆಂದು ಹೇಳುವ ಧೈರ್ಯ ಮಾಡೋಣ. ಇಷ್ಟೆಲ್ಲ ಮಾತುಗಳನ್ನು ಪಡೆದಿರುವ ಭಾಷೆಗೆ ರೋಗಿಗಳ ಹೆಸರನ್ನು ಎರವಲು ತರಬೇಕಾದ ದಾರಿದ್ರ್ಯವಿಲ್ಲ. ಸಾಹಿತ್ಯ ಸಮ್ಮೇಳನವೆಂದರೆ ಮಾತಿನ ಹಬ್ಬ. ಹಬ್ಬದ ಪಂಕ್ತಿಯಲ್ಲಿ ಕುಳಿತ ಯಾರೂ ನಮ್ಮ ಮಾತಿನಿಂದ ತಲೆತಗ್ಗಿಸಿ ಎದ್ದುಹೋಗದಂತೆ ನೋಡಿಕೊಳ್ಳುವುದು ಬಡಿಸುವವರ ಧರ್ಮ. ಮನೆಯಲ್ಲಿ ಕಾಯಿಲೆಯ ಮಗನನ್ನು ಬಿಟ್ಟು ಬಂದ ತಾಯಿಯೂ ಆ ಪಂಕ್ತಿಯಲ್ಲಿದ್ದಾಳೆ ಎಂಬ ಅರಿವಿನಿಂದ ಮಾತನಾಡಿದರೆ ಸಾಕು. ಯಾವ ಪದ ಸಲ್ಲುತ್ತದೆ, ಯಾವುದು ಸಲ್ಲದು ಎಂಬುದನ್ನು ನಿಘಂಟು ಹೇಳಬೇಕಾಗುವುದಿಲ್ಲ.